ದಮ್ಮಿಗಿಂತ ಎಲುಬು ನಿಧಾನ: ಭರ್ತಿ ಓಟಗಾರರು ತಿಳಿಯಬೇಕಾದದ್ದು

ಮರಾಠಾ ಲಘು ಪದಾತಿದಳದ ರೆಜಿಮೆಂಟ್ ಕೇಂದ್ರ ಇರುವ ಬೆಳಗಾವಿಯಲ್ಲಿ, ಅದರ ಪಕ್ಕದ ಖಾನಾಪುರದಲ್ಲಿ ಸಮವಸ್ತ್ರದ ಆಸೆ ಹೊಸದಲ್ಲ. ಸೈನ್ಯ ಭರ್ತಿಯ ಅಧಿಸೂಚನೆ ಬಂತೆಂದರೆ ನಸುಕಿನ ಓಟ ಶುರು. ಗುರಿ 1.6 ಕಿ.ಮೀ. ಮೊದಲೆರಡು ವಾರ ಏದುಸಿರು. ಮೂರನೇ ವಾರಕ್ಕೆ ದಮ್ಮು ಹತೋಟಿಗೆ ಬರುತ್ತದೆ, ಹುಮ್ಮಸ್ಸಿನಲ್ಲಿ ಹುಡುಗ ದೂರವನ್ನು ದುಪ್ಪಟ್ಟು ಮಾಡುತ್ತಾನೆ. ಎಡವಟ್ಟಾಗುವುದು ಇಲ್ಲೇ. ಹೊಸ ಭಾರ ಬಿದ್ದಾಗ ಎಲುಬು ಮೊದಲು ತನ್ನ ಹಳೆಯ ಭಾಗವನ್ನು ಕರಗಿಸಿ, ಆಮೇಲೆ ಹೊಸದನ್ನು ಕಟ್ಟುತ್ತದೆ. ಕರಗುವುದಕ್ಕೆ ಕೆಲವು ವಾರ ಸಾಕು, ಕಟ್ಟಿದ್ದು ಗಟ್ಟಿಯಾಗಲು ತಿಂಗಳುಗಳೇ ಬೇಕು. ಅಂದರೆ ಉಸಿರು ಹಗುರಾದ ಹೊತ್ತಿಗೆ ಸರಿಯಾಗಿ ಎಲುಬು ಮೊದಲಿಗಿಂತ ತುಸು ಬಡವಾಗಿರುತ್ತದೆ. ಆಟದ ಪೆಟ್ಟೆಂದರೆ ಬಿದ್ದು ಆಗುವಂಥದ್ದು ಎಂದೇ ನಾವು ತಿಳಿದಿದ್ದೇವೆ. ಓಟದ ತಯಾರಿಯಲ್ಲಿ ಬೀಳದೆ ಆಗುವ ಪೆಟ್ಟುಗಳೇ ಹೆಚ್ಚು. ಪ್ರಷ್ಯಾದ ಸೇನಾ ವೈದ್ಯ ಬ್ರೈಟ್‌ಹಾಪ್ಟ್ 1855ರಲ್ಲೇ, ದೂರ ನಡೆದ ಸೈನಿಕರ ಪಾದ ಪೆಟ್ಟಿಲ್ಲದೆ ಊದಿಕೊಳ್ಳುವುದನ್ನು ದಾಖಲಿಸಿದ್ದ. ಅದು ಎಲುಬಿನ ಬಿರುಕು ಎಂದು ಗೊತ್ತಾದದ್ದು ಎಕ್ಸ್‌ರೇ ಬಂದ ಮೇಲೆ.

ಇದನ್ನು ಮನೆಯಲ್ಲೇ ಒಂದು ಮಟ್ಟಿಗೆ ಗುರುತಿಸಬಹುದು. ಮೊಣಕಾಲಿನ ಕೆಳಗೆ, ಮುಂಭಾಗದ ಎಲುಬಿನ ಒಳ ಅಂಚನ್ನು ಹೆಬ್ಬೆರಳಿನಿಂದ ಒತ್ತುತ್ತ ಮೇಲಿನಿಂದ ಕೆಳಗೆ ಬನ್ನಿ. ನೋವು ಐದು ಸೆಂಟಿಮೀಟರಿಗಿಂತ ಉದ್ದಕ್ಕೆ ಹಬ್ಬಿದ್ದು, ಓಟದ ಆರಂಭದಲ್ಲಿ ಕಾಡಿ ಮೈ ಬಿಸಿಯಾದಂತೆ ಕಡಿಮೆಯಾಗುತ್ತಿದ್ದರೆ ಅದು ಎಲುಬಿನ ಅಂಚು ಕೆರಳಿದ್ದರ ಲಕ್ಷಣ. ಒಂದೆರಡು ವಾರ ಓಟವನ್ನು ಅರ್ಧಕ್ಕೆ ಇಳಿಸಿದರೆ ಸಾಮಾನ್ಯವಾಗಿ ತಗ್ಗುತ್ತದೆ. ನೋವು ಒಂದೇ ಕಡೆ, ನಾಣ್ಯದಷ್ಟು ಜಾಗದಲ್ಲಿ ಚುಚ್ಚಿದರೆ, ಓಡಿದಷ್ಟೂ ಹೆಚ್ಚಿದರೆ, ರಾತ್ರಿ ಮಲಗಿದಾಗಲೂ ಕಾಡಿದರೆ, ಒಂಟಿಗಾಲಲ್ಲಿ ಕುಪ್ಪಳಿಸಲು ಆಗದಿದ್ದರೆ ಬಿರುಕಿನ ಶಂಕೆ ಇಟ್ಟುಕೊಂಡು ಅಂದೇ ಓಟ ನಿಲ್ಲಿಸಬೇಕು. ಇಲ್ಲೊಂದು ತೊಡಕಿದೆ. ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಬಿರುಕು ಕಾಣದಿರಬಹುದು. ‘ಫೋಟೋದಲ್ಲಿ ಏನೂ ಇಲ್ಲ’ ಎಂದ ಮಾತ್ರಕ್ಕೆ ಓಡಲು ಪರವಾನಗಿ ಸಿಕ್ಕಿತೆಂದಲ್ಲ. ನೋವು ಅದೇ ಚುಕ್ಕೆಯಲ್ಲಿ ಉಳಿದರೆ ಮತ್ತೆ ತೋರಿಸಬೇಕು, ಬೇಕೆನಿಸಿದರೆ ವೈದ್ಯರೇ ಎಂಆರ್‌ಐ ಬರೆಯುತ್ತಾರೆ. ಕಾಲೂರಿದಾಗ ತೊಡೆಸಂದಿಯಲ್ಲಿ ನೋವಿದ್ದರಂತೂ ಒಂದು ಸುತ್ತೂ ಓಡಬಾರದು. ಅದು ತೊಡೆ ಎಲುಬಿನ ಕುತ್ತಿಗೆಯ ಬಿರುಕಾಗಿದ್ದು ಸರಿದರೆ ಶಸ್ತ್ರಚಿಕಿತ್ಸೆಯೇ ಗತಿ. ಪೊಲೀಸ್ ಭರ್ತಿಗೆ ಓಡುವ ಹೆಣ್ಣುಮಕ್ಕಳಲ್ಲಿ ಮುಟ್ಟು ನಿಂತುಹೋದರೆ, ತಿನ್ನುವುದು ಓಟಕ್ಕೆ ಸಾಲುತ್ತಿಲ್ಲ, ಎಲುಬು ಸವೆಯುತ್ತಿದೆ ಎಂಬುದರ ಸೂಚನೆ ಅದಾಗಿರಬಹುದು. ಇದನ್ನು ಸಂಕೋಚದಿಂದ ಮುಚ್ಚಿಡುವುದೇ ಹೆಚ್ಚು.

ತಡೆಯುವ ದಾರಿ ಇದೇ ತಿಳಿವಳಿಕೆಯಿಂದ ಹೊರಡುತ್ತದೆ. ಹೊಸಬರು ವಾರಕ್ಕೆ ಮೂರೇ ದಿನ, ದಿನ ಬಿಟ್ಟು ದಿನ ಓಡಲಿ. ಮೊದಲೆರಡು ವಾರ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಒಟ್ಟು ಇಪ್ಪತ್ತೈದು ನಿಮಿಷ ಸಾಕು. ಆಮೇಲೆ ದೂರ ಹೆಚ್ಚಿಸಿದ ವಾರ ವೇಗ ಹೆಚ್ಚಿಸಬೇಡಿ, ವೇಗ ಹೆಚ್ಚಿಸಿದ ವಾರ ದೂರವನ್ನು ಮುಟ್ಟಬೇಡಿ. ನಾಲ್ಕನೇ ವಾರ ಮೂರನೇ ಒಂದು ಭಾಗ ಕಡಿತ. ಗಡಿಯಾರ ಹಿಡಿದು 1.6 ಕಿ.ಮೀ. ಓಡುವುದು ಐದನೇ ವಾರದ ನಂತರ, ವಾರಕ್ಕೊಮ್ಮೆ ಮಾತ್ರ. ‘ವಾರಕ್ಕೆ ಶೇ 10ರಷ್ಟೇ ಹೆಚ್ಚಿಸಿದರೆ ಪೆಟ್ಟಾಗದು’ ಎಂಬ ಮಾತು ಎಲ್ಲೆಡೆ ಓಡಾಡುತ್ತಿದೆ. ನೆದರ್ಲೆಂಡ್ಸ್‌ನಲ್ಲಿ ಹೊಸ ಓಟಗಾರರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆ ನಿಯಮ ಪಾಲಿಸಿದವರಲ್ಲೂ ಪಾಲಿಸದವರಲ್ಲೂ ಸುಮಾರು ಐವರಲ್ಲಿ ಒಬ್ಬರು ಗಾಯಗೊಂಡರು. ಮಂತ್ರದಂಥ ಅಂಕಿ ಯಾವುದೂ ಇಲ್ಲ. ಎಲುಬಿನ ಮೇಲೆ ಹೆಬ್ಬೆರಳಿಟ್ಟು ವಾರವಾರ ನೋಡಿಕೊಳ್ಳುವುದು ಅಂಕಿಗಿಂತ ಮೇಲು. ಟಾರು ರಸ್ತೆಗಿಂತ ಬೆಳಗಾವಿಯ ವ್ಯಾಕ್ಸಿನ್ ಡಿಪೋ ಮೈದಾನದ ಮಣ್ಣಿನ ದಾರಿಯೋ ಶಾಲಾ ಮೈದಾನವೋ ಒಳ್ಳೆಯದು. ರಸ್ತೆಯೇ ಗತಿಯಾದರೆ ಅಂಚಿನ ಇಳಿಜಾರಿನಲ್ಲಿ ಓಡಬೇಡಿ, ಅಲ್ಲಿ ಒಂದು ಕಾಲು ಸದಾ ತಗ್ಗಿನಲ್ಲಿ ಬೀಳುತ್ತದೆ.

ಓಟಕ್ಕೆ ಮುನ್ನ ಮೈ ಎಳೆದು ಹಿಡಿಯುವ ವ್ಯಾಯಾಮ ಸಾಕು ಎಂಬ ನಂಬಿಕೆಯೂ ಗಟ್ಟಿಯಾಗಿದೆ. ಆಸ್ಟ್ರೇಲಿಯಾದ ಸೈನ್ಯಕ್ಕೆ ಹೊಸದಾಗಿ ಸೇರಿದ 1,538 ಜನರ ಮೇಲೆ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ಉತ್ತರ ಕೊಟ್ಟಿದೆ: ಹಾಗೆ ಎಳೆದು ಹಿಡಿದವರಿಗೂ ಬಿಟ್ಟವರಿಗೂ ಗಾಯದಲ್ಲಿ ಗಣನೀಯ ವ್ಯತ್ಯಾಸವಿರಲಿಲ್ಲ. ಸೇರುವಾಗಲೇ ಯಾರ ದೇಹ ಎಷ್ಟು ತಯಾರಾಗಿತ್ತು ಎಂಬುದೇ ಮುಖ್ಯವಾಯಿತು. ‘ನಮ್ಮ ಹಿರಿಯರು ಬರಿಗಾಲಲ್ಲೇ ಓಡುತ್ತಿದ್ದರು, ಅವರಿಗೇನಾಯಿತು?’ ಎನ್ನುವವರಿಗೂ ಇದರಲ್ಲೇ ಉತ್ತರವಿದೆ. ಚಿಕ್ಕಂದಿನಿಂದ ಹೊಲ, ಗುಡ್ಡ, ಹೊರೆ ಎಂದು ತಿರುಗಿದವರ ಎಲುಬು ಭರ್ತಿಗೆ ಮೊದಲೇ ಪಳಗಿರುತ್ತಿತ್ತು. ಪಿಯುಸಿ ಮುಗಿಯುವವರೆಗೆ ಬೆಂಚು, ಬೈಕು ಬಿಟ್ಟು ಇಳಿಯದವನಿಗೆ ಆ ಬಂಡವಾಳ ಇಲ್ಲ. ಅವನು ಎಳೆತಕ್ಕಿಂತ ಚುರುಕು ನಡಿಗೆ, ಬೈಠಕ್, ಹಿಮ್ಮಡಿ ಎತ್ತಿಳಿಸುವ ಕಸರತ್ತಿಗೆ ಹೊತ್ತು ಕೊಡಲಿ.

ಫುಟ್‌ಬಾಲ್, ಕಬಡ್ಡಿ ಆಡುವವರ ಕಥೆ ಬೇರೆ. ಅಲ್ಲಿ ಪೆಟ್ಟು ಕ್ಷಣದಲ್ಲಿ ಆಗುತ್ತದೆ. ಮಳೆಗಾಲದಲ್ಲಿ ಖಾನಾಪುರ ಸೀಮೆಯ ಮೈದಾನಗಳು ಕೆಸರಾಗಿ, ಆಮೇಲೆ ದನಗಳ ಹೆಜ್ಜೆಗುಳಿಗಳ ಸಮೇತ ಒಣಗುತ್ತವೆ. ಪಾದ ಹೊರಳಲು ಒಂದು ಗುಳಿ ಸಾಕು. ಹೊರಳಿದ ಕೂಡಲೇ ಎಣ್ಣೆ ಹಚ್ಚಿ ಗಟ್ಟಿಯಾಗಿ ನೀವಿಸಿ ‘ಉಳುಕು ತೆಗೆಸುವ’ ರೂಢಿ ಬಿಡಬೇಕು. ಮೊದಲ ಎರಡು ಮೂರು ದಿನ ಹಾಗೆ ತಿಕ್ಕಿದರೆ ಒಳಗಿನ ರಕ್ತಸ್ರಾವ, ಊತ ಹೆಚ್ಚಬಹುದು. ನೀವಿಸಿಕೊಂಡು ಗುಣವಾದವರು ಸಾಕಷ್ಟಿದ್ದಾರಲ್ಲ ಎಂದರೆ, ಸಣ್ಣ ಉಳುಕು ನೀವದಿದ್ದರೂ ಗುಣವಾಗುತ್ತದೆ. ಮುರಿದದ್ದನ್ನು ನೀವಿದರೆ ಆಗುವ ಹಾನಿಗೆ ಲೆಕ್ಕ ಇಟ್ಟವರಿಲ್ಲ. ಎಲುಬು ಮುರಿದಿದೆಯೇ ಎಂದು ತಿಳಿಯಲು ಕೆನಡಾದ ಒಟ್ಟಾವಾ ವೈದ್ಯರು 1992ರಲ್ಲಿ ಸರಳ ಸೂತ್ರ ಕೊಟ್ಟರು. ನಾಲ್ಕು ಹೆಜ್ಜೆ ಊರಲು ಆಗುವುದಿಲ್ಲವೇ? ಕೀಲಿನ ಎರಡೂ ಬದಿಗೆ ಉಬ್ಬಿದ ಎಲುಬಿನ ಹಿಂದಿನ ಅಂಚನ್ನೋ ತುದಿಯನ್ನೋ ಒತ್ತಿದರೆ ನೋವಿದೆಯೇ? ಪಾದದ ಹೊರ ಅಂಚಿನ ನಡುವಿನ ಉಬ್ಬಿನಲ್ಲಿ, ಇಲ್ಲವೇ ಒಳಬದಿ ಕಮಾನಿನ ಮೇಲಿನ ಎಲುಬಿನಲ್ಲಿ ನೋವಿದೆಯೇ? ಒಂದಕ್ಕೆ ಹೌದೆಂದರೂ ಎಕ್ಸ್‌ರೇ ಬೇಕು. ಯಾವುದೂ ಇಲ್ಲದಿದ್ದರೆ ಪಟ್ಟಿ ಸುತ್ತಿ ಕಾಲು ಎತ್ತರಿಸಿಟ್ಟು, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹದಿನೈದು ನಿಮಿಷದಂತೆ ಇಡಿ. ನೋವು ಬಿಟ್ಟಷ್ಟು ನಡೆದಾಡಿ. ಊತ ಇಳಿದ ಮೇಲೆ ದಿನಾ ಒಂಟಿಗಾಲಲ್ಲಿ ನಿಲ್ಲುವ ಅಭ್ಯಾಸ ಮಾಡಿದರೆ ಅದೇ ಕಾಲು ಮತ್ತೆ ಹೊರಳುವುದು ಕಡಿಮೆ. ಮೊಣಕಾಲು ತಿರುಚಿದಾಗ ‘ಪಟ್’ ಎಂದು, ಒಂದೆರಡು ಗಂಟೆಯಲ್ಲೇ ಊದಿಕೊಂಡರೆ ಒಳಗಿನ ಅಸ್ಥಿರಜ್ಜು ಹರಿದಿರಬಹುದು, ಮೂಳೆ ತಜ್ಞರನ್ನೇ ಕಾಣಬೇಕು. ತಂಡಗಳಿಗೆ ಫಿಫಾದ ‘11+’ ಎಂಬ ಇಪ್ಪತ್ತು ನಿಮಿಷದ ಪೂರ್ವಾಭ್ಯಾಸವಿದೆ. ನಾರ್ವೆಯ ಬಾಲಕಿಯರ ಪ್ರಯೋಗದಲ್ಲಿ ಅದು ಗಾಯಗಳನ್ನು ಸುಮಾರು ಮೂರನೇ ಒಂದರಷ್ಟು ತಗ್ಗಿಸಿತು. ಅದಕ್ಕೆ ಚೆಂಡು, ಮೈದಾನ ಬಿಟ್ಟು ಖರ್ಚಿಲ್ಲ, ಯಾವ ದೈಹಿಕ ಶಿಕ್ಷಕರೂ ಕಲಿಸಬಹುದು. ಗರಡಿಯ ಹುಡುಗರಿಗೆ ಒಂದೇ ಮಾತು: ಕಿವಿ ಊದಿ ಮೆತ್ತಗಾದರೆ ಒಂದೆರಡು ದಿನದಲ್ಲಿ ವೈದ್ಯರಿಂದ ರಕ್ತ ತೆಗೆಸಿ. ವಸ್ತಾದರಿಗೆ ಅದು ಪೈಲ್ವಾನನ ಗುರುತೆನಿಸಬಹುದು, ಆದರೆ ಬಿಟ್ಟರೆ ಕಿವಿ ಮುದುಡಿಯೇ ಉಳಿಯುತ್ತದೆ.

ಭರ್ತಿಯ ಹುಡುಗನ ದೊಡ್ಡ ಆಕ್ಷೇಪ ಉಳಿದೇ ಇದೆ: ವಯೋಮಿತಿ ಕಿರಿದು, ದಿನಾಂಕ ಹತ್ತಿರ, ವಿಶ್ರಾಂತಿಗೆ ಎಲ್ಲಿದೆ ಸಮಯ? ಆಕ್ಷೇಪ ನ್ಯಾಯವಾದದ್ದೇ. ಆದರೆ ಕೆರಳಿದ ಎಲುಬಿಗೆ ಎರಡು ವಾರ ಕೊಡದವನು ಬಿರುಕಿಗೆ ಆರರಿಂದ ಎಂಟು ವಾರ ಕೊಡಬೇಕಾಗುತ್ತದೆ. ಅಧಿಸೂಚನೆಗೆ ಕಾಯದೆ ತಿಂಗಳುಗಳ ಮೊದಲೇ ನಡಿಗೆ ಶುರು ಮಾಡುವುದೊಂದೇ ಸಮಯ ಗಳಿಸುವ ದಾರಿ. ಓಟ ನಿಲ್ಲಿಸಿದವನು ಸುಮ್ಮನೆ ಕೂರಬೇಕೆಂದೂ ಇಲ್ಲ. ನೋವಾಗದಿದ್ದರೆ ಸೈಕಲ್ ತುಳಿದು ದಮ್ಮು ಉಳಿಸಿಕೊಳ್ಳಬಹುದು. ವೈದ್ಯರು ಒಪ್ಪಿ, ಒಂದು ವಾರ ಅರ್ಧ ಗಂಟೆ ನೋವಿಲ್ಲದೆ ನಡೆದು, ಅದೇ ಕಾಲಲ್ಲಿ ಹತ್ತು ಸಲ ಕುಪ್ಪಳಿಸಲು ಆದಾಗ ಒಂದು ನಿಮಿಷದ ಓಟಕ್ಕೆ ಮರಳಿ. ಆ ಚುಕ್ಕೆ ಮತ್ತೆ ನೋಯತೊಡಗಿದರೆ ಹಿಂದಿನ ವಾರದ ಪಾಠವನ್ನೇ ಇನ್ನೊಮ್ಮೆ ಮಾಡಿ.