ಟ್ರ್ಯಾಕ್ಟರಿನ ಜೋಡಿ ಬ್ರೇಕುಗಳನ್ನು ಸಮನಾಗಿ ಹೊಂದಿಸುವ ಕ್ರಮ

ಟ್ರ್ಯಾಕ್ಟರಿನಲ್ಲಿ ಬಲಗಾಲಿನ ಕಡೆ ಎರಡು ಬ್ರೇಕ್ ಪೆಡಲುಗಳಿರುವುದು ರೈತರಿಗೆಲ್ಲ ತಿಳಿದ ವಿಷಯ. ಒಂದು ಎಡ ಹಿಂಚಕ್ರಕ್ಕೆ, ಇನ್ನೊಂದು ಬಲ ಹಿಂಚಕ್ರಕ್ಕೆ. ಉಳುಮೆಯಲ್ಲಿ ಬದುವಿನ ಹತ್ತಿರ ತಿರುಗುವಾಗ ಒಳಬದಿಯ ಪೆಡಲನ್ನು ಮಾತ್ರ ಒತ್ತಿದರೆ ಕಡಿಮೆ ಜಾಗದಲ್ಲಿ ತಿರುಗಬಹುದು. ರಸ್ತೆಗೆ ಬಂದಾಗ ಎರಡನ್ನೂ ಕೊಂಡಿಯಿಂದ ಜೋಡಿಸಿ ಒಂದೇ ಪೆಡಲಿನಂತೆ ಬಳಸಬೇಕು.

ತೊಂದರೆ ಹುಟ್ಟುವುದು ಹೊಲದಲ್ಲಿ, ಅದು ಕಾಣಿಸಿಕೊಳ್ಳುವುದು ರಸ್ತೆಯಲ್ಲಿ. ಸಾಮಾನ್ಯ ರೆಕ್ಕೆ ನೇಗಿಲು ಮಣ್ಣನ್ನು ಬಲಕ್ಕೆ ಮಗುಚುತ್ತದೆ. ಹೊಲದ ನಡುವಿನಿಂದ ಉಳುಮೆ ಪ್ರಾರಂಭಿಸಿ ಮಣ್ಣನ್ನು ನಡುವಿಗೆ ಕೂಡಿಸುತ್ತ ಹೋದರೆ ಪ್ರತಿ ಸುತ್ತಿನಲ್ಲೂ ಬಲಕ್ಕೆ ತಿರುಗಬೇಕಾಗುತ್ತದೆ. ಅಂಚಿನಿಂದ ಪ್ರಾರಂಭಿಸಿ ಮಣ್ಣನ್ನು ಹೊರಕ್ಕೆ ಮಗುಚುತ್ತ ಬಂದರೆ ಪ್ರತಿ ಸಲವೂ ಎಡಕ್ಕೆ. ವರ್ಷಗಟ್ಟಲೆ ಒಂದೇ ಪದ್ಧತಿಯಲ್ಲಿ ಉತ್ತವರ ಟ್ರ್ಯಾಕ್ಟರಿನಲ್ಲಿ ಒಂದು ಕಡೆಯ ಲೈನಿಂಗ್ ಹೆಚ್ಚು ಸವೆದಿರುತ್ತದೆ. ಹೀಗೆ ಸವೆದ ಟ್ರ್ಯಾಕ್ಟರು ಕಬ್ಬಿನ ಟ್ರೈಲರನ್ನು ಎಳೆದುಕೊಂಡು ಇಳಿಜಾರಿನಲ್ಲಿ ಬರುವಾಗ ಪೆಡಲುಗಳನ್ನು ಒಟ್ಟಿಗೆ ಒತ್ತಿದರೂ ಒಂದು ಚಕ್ರ ಮೊದಲು ಹಿಡಿಯುತ್ತದೆ. ಟ್ರ್ಯಾಕ್ಟರು ಆ ಕಡೆಗೆ ಎಳೆಯುತ್ತದೆ, ಹಿಂದಿನಿಂದ ಟ್ರೈಲರಿನ ಭಾರ ನೂಕುತ್ತದೆ. ಮಗುಚಿಕೊಳ್ಳಲು ಇಷ್ಟು ಸಾಕು. ಟ್ರೈಲರಿಗೆ ಸ್ವಂತ ಬ್ರೇಕು ಇಲ್ಲದಿದ್ದರಂತೂ ಇಡೀ ಹೇರಿನ ಭಾರವನ್ನು ಈ ಎರಡು ಚಕ್ರಗಳೇ ತಡೆಯಬೇಕು.

ಒಂದು ವರ್ಷ ಒಳಕ್ಕೆ, ಮರುವರ್ಷ ಹೊರಕ್ಕೆ ಮಗುಚುವಂತೆ ಉಳುಮೆಯ ಪದ್ಧತಿಯನ್ನು ಬದಲಾಯಿಸುತ್ತಿದ್ದರೆ ಸವೆತ ಎರಡೂ ಕಡೆ ಹಂಚಿಹೋಗುತ್ತದೆ. ಹೊಲದ ಮಟ್ಟ ಕೆಡದಿರಲು ಬೇಸಾಯ ಶಾಸ್ತ್ರವು ಹೇಳುವುದೂ ಇದನ್ನೇ. ನಡುವೆ ದಿಬ್ಬವಾಗಲಿ ಕಾಲುವೆಯಾಗಲಿ ಏಳದೆ ನೀರು ಸಮನಾಗಿ ಹರಿಯುತ್ತದೆ.

ಹೊಂದಿಸುವ ವಿಧಾನ

ಡ್ರಮ್ ಬ್ರೇಕು ಅಥವಾ ಒಣ ಡಿಸ್ಕ್ ಬ್ರೇಕು ಇರುವ ಟ್ರ್ಯಾಕ್ಟರುಗಳಲ್ಲಿ ಈ ಕೆಲಸವನ್ನು ಮನೆಯ ಅಂಗಳದಲ್ಲಿಯೇ ಮಾಡಿಕೊಳ್ಳಬಹುದು. ಬೇಕಾದದ್ದು ಎರಡು ಸ್ಪ್ಯಾನರು, ಭಾರ ತಾಳುವ ಒಂದು ಜ್ಯಾಕು, ಗಟ್ಟಿ ಮರದ ದಿಮ್ಮಿಗಳು ಮತ್ತು ಟ್ರ್ಯಾಕ್ಟರಿನ ಜೊತೆಗೆ ಬಂದ ಕೈಪಿಡಿ.

ಟ್ರೈಲರನ್ನು ಕಳಚಿ, ಉಪಕರಣವನ್ನು ನೆಲಕ್ಕೆ ಇಳಿಸಿ, ಗಟ್ಟಿಯಾದ ಸಮನೆಲದಲ್ಲಿ ಟ್ರ್ಯಾಕ್ಟರನ್ನು ನಿಲ್ಲಿಸಬೇಕು. ಇಂಜಿನನ್ನು ಆರಿಸಿ ಕೀಲಿಯನ್ನು ತೆಗೆದು ಜೇಬಿನಲ್ಲಿಟ್ಟುಕೊಳ್ಳುವುದು ಲೇಸು. ಮಕ್ಕಳಿರುವ ಮನೆಯಲ್ಲಿ ಇದು ಅತಿ ಮುಖ್ಯ. ಮುಂದಿನ ಎರಡು ಚಕ್ರಗಳಿಗೂ, ನೆಲದಲ್ಲೇ ಉಳಿಯುವ ಹಿಂಚಕ್ರಕ್ಕೂ ಹಿಂದೆ ಮುಂದೆ ಅಡೆ ಕೊಡಬೇಕು. ಬಳಿಕ ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಕೈಬ್ರೇಕನ್ನು ಬಿಟ್ಟು, ಪೆಡಲುಗಳ ಕೊಂಡಿಯನ್ನು ಬಿಡಿಸಬೇಕು. ಒಂದು ಹಿಂಚಕ್ರವನ್ನು ನೆಲದಿಂದ ಸ್ವಲ್ಪವೇ ಎತ್ತಿ, ಆಕ್ಸಲಿನ ಕೆಳಗೆ ದಿಮ್ಮಿ ಕೊಡಬೇಕು. ಜ್ಯಾಕನ್ನೇ ನಂಬಿ ಕೆಲಸ ಮಾಡಬಾರದು. ಇಟ್ಟಿಗೆ, ಸೈಜುಗಲ್ಲುಗಳು ಭಾರಕ್ಕೆ ಸೀಳುತ್ತವೆ.

ಪೆಡಲಿನಿಂದ ಬ್ರೇಕಿಗೆ ಹೋಗುವ ಎಳೆಕಡ್ಡಿಯಲ್ಲಿ ಹೊಂದಾಣಿಕೆಯ ನಟ್ಟೂ ಅದನ್ನು ಬಿಗಿಯುವ ಲಾಕ್ ನಟ್ಟೂ ಇರುತ್ತವೆ. ಲಾಕ್ ನಟ್ಟನ್ನು ಸಡಿಲಿಸಿ, ಚಕ್ರವನ್ನು ಕೈಯಿಂದ ತಿರುಗಿಸುತ್ತ ಹೊಂದಾಣಿಕೆಯ ನಟ್ಟನ್ನು ನಿಧಾನವಾಗಿ ಬಿಗಿಯಬೇಕು. ಚಕ್ರ ಬಿಗಿ ಹಿಡಿಯತೊಡಗಿದಾಗ ನಿಲ್ಲಿಸಿ, ಎಲ್ಲಿಯೂ ಉಜ್ಜದೆ ಸಲೀಸಾಗಿ ತಿರುಗುವವರೆಗೆ ಹಿಂದಕ್ಕೆ ಸಡಿಲಿಸಬೇಕು. ಇನ್ನೊಂದು ಚಕ್ರಕ್ಕೂ ಹೀಗೆಯೇ. ಅನಂತರ ಎರಡೂ ಪೆಡಲುಗಳನ್ನು ಬೇರೆ ಬೇರೆಯಾಗಿ ಕೈಯಿಂದ ಒತ್ತಿ, ಬಿಗಿ ಹಿಡಿಯುವ ಮೊದಲು ಎಷ್ಟು ಸಡಿಲವಾಗಿ ಇಳಿಯುತ್ತವೆ ಎಂಬುದನ್ನು ಅಳತೆಪಟ್ಟಿಯಿಂದ ನೋಡಬೇಕು. ಈ ಸಡಿಲು ಎಷ್ಟಿರಬೇಕೆಂಬುದು ಮಾದರಿಯಿಂದ ಮಾದರಿಗೆ ಬೇರೆಯಾದ್ದರಿಂದ ಕೈಪಿಡಿಯ ಅಳತೆಯನ್ನೇ ಅನುಸರಿಸಬೇಕು. ಆದರೆ ಎರಡರಲ್ಲೂ ಅದು ಒಂದೇ ಆಗಿರಬೇಕೆಂಬುದು ಎಲ್ಲ ಮಾದರಿಗಳಿಗೂ ಅನ್ವಯಿಸುತ್ತದೆ. ಸಡಿಲೇ ಇಲ್ಲದಂತೆ ಬಿಗಿದರೆ ಲೈನಿಂಗ್ ಸದಾ ಉಜ್ಜಿ, ಕಾದು, ಬೇಗ ಹಾಳಾಗುತ್ತದೆ.

ಲಾಕ್ ನಟ್ಟುಗಳನ್ನು ಬಿಗಿದು ಟ್ರ್ಯಾಕ್ಟರನ್ನು ಕೆಳಗಿಳಿಸಿ ಪರೀಕ್ಷೆ ಮಾಡಬೇಕು. ಟ್ರೈಲರಿಲ್ಲದೆ, ಪೆಡಲುಗಳನ್ನು ಜೋಡಿಸಿ, ಸಡಿಲ ಮಣ್ಣಿನ ಸಮತಟ್ಟಾದ ಜಾಗದಲ್ಲಿ ನಿಧಾನವಾಗಿ ಓಡಿಸಿ ಬ್ರೇಕು ಹಾಕಿದರೆ ಎರಡು ಚಕ್ರಗಳೂ ನೆಲದ ಮೇಲೆ ಗುರುತು ಬಿಡುತ್ತವೆ. ಎರಡೂ ಎಳೆತದ ಗುರುತುಗಳು ಒಂದೇ ಉದ್ದವಿದ್ದರೆ ಹೊಂದಾಣಿಕೆ ಸರಿಯಾಗಿದೆ. ಎಡಕ್ಕೆ ಎಳೆದರೆ ಎಡಗಡೆಯ ಬಿಗಿತ ಹೆಚ್ಚೆಂದು ತಿಳಿದು ಅದನ್ನು ಸ್ವಲ್ಪ ಸಡಿಲಿಸಿ ಮತ್ತೆ ನೋಡಬೇಕು. ಕೈಬ್ರೇಕು ನಿಲ್ಲಿಸುತ್ತದೆಯೇ ಎಂಬುದನ್ನೂ ಆಗಲೇ ಪರೀಕ್ಷಿಸಬೇಕು. ಕೊಂಡಿ ಸವೆದಿದ್ದರೆ ತಂತಿ ಸುತ್ತಿ ಕೆಲಸ ಸಾಗಿಸುವವರುಂಟು. ಹೊಸ ಕೊಂಡಿಗೆ ತಗಲುವ ಖರ್ಚು ಅಲ್ಪ. ತಂತಿ ತುಂಡಾಗುವುದು ಜೋರಾಗಿ ಒತ್ತಿದ ಗಳಿಗೆಯಲ್ಲೇ.

ಹೊಂದಿಸಿದರೂ ಹಿಡಿಯದಿದ್ದರೆ

ಇದಕ್ಕೆ ಕಾರಣ ಸಾಮಾನ್ಯವಾಗಿ ಎರಡು. ಒಂದು, ಲೈನಿಂಗ್ ರಿವೆಟ್ಟಿನ ತಲೆಯವರೆಗೆ ಸವೆದಿರುವುದು. ಎರಡು, ಆಯಿಲ್ ಸೀಲು ಸೋರಿ ಲೈನಿಂಗಿಗೆ ಎಣ್ಣೆ ತಗಲಿರುವುದು. ಎಣ್ಣೆ ಕುಡಿದ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದರೆ ಅಥವಾ ಬೆಂಕಿಗೆ ಹಿಡಿದರೆ ಮೇಲ್ಮೈ ಒಣಗಿದಂತೆ ಕಂಡರೂ ಕಾದಾಗ ಒಳಗಿನ ಎಣ್ಣೆ ಮೇಲೇಳುತ್ತದೆ. ಸೀಲನ್ನು ಬದಲಾಯಿಸಿ, ಎರಡೂ ಕಡೆಯ ಲೈನಿಂಗುಗಳನ್ನು ಒಟ್ಟಿಗೆ ಹೊಸದಾಗಿ ಹಾಕಿಸಬೇಕು. ಒಂದು ಕಡೆ ಮಾತ್ರ ಹೊಸದಾದರೆ ಎಳೆತ ಮತ್ತೆ ಶುರುವಾಗುತ್ತದೆ. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರಬಹುದಾದ್ದರಿಂದ ಧೂಳನ್ನು ಬಾಯಿಂದಾಗಲಿ ಗಾಳಿಯಿಂದಾಗಲಿ ಊದದೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು.

ಕೆಸರುಗದ್ದೆಯಿಂದ ಹೊರಬಂದ ಕೂಡಲೆ ಬ್ರೇಕು ಹಿಡಿಯದಿದ್ದರೆ ನೀರು ಸೇರಿರುವ ಸಂಭವವೇ ಹೆಚ್ಚು. ರಸ್ತೆಗೆ ಇಳಿಯುವ ಮುನ್ನ ನಿಧಾನವಾಗಿ ಓಡಿಸುತ್ತ ಹಗುರವಾಗಿ ಕೆಲವು ಸಲ ಪೆಡಲು ಒತ್ತಿದರೆ ಒಣಗುತ್ತದೆ. ಎಣ್ಣೆಯಲ್ಲಿ ಮುಳುಗಿರುವ ಬ್ರೇಕುಗಳಿಗೆ ಈ ಕಾಟವಿಲ್ಲ. ಆದರೆ ಅವುಗಳ ಡಿಸ್ಕ್ ಬದಲಾಯಿಸಲು ಆಕ್ಸಲ್ ಭಾಗವನ್ನೇ ಬಿಚ್ಚಬೇಕಾಗುವುದರಿಂದ ಆ ಕೆಲಸವನ್ನು ವರ್ಕ್‌ಶಾಪಿಗೆ ಬಿಟ್ಟು, ಮನೆಯಲ್ಲಿ ಎಣ್ಣೆಯ ಮಟ್ಟವನ್ನೂ ಪೆಡಲಿನ ಸಡಿಲನ್ನೂ ನೋಡಿಕೊಂಡರೆ ಸಾಕು.

ಹೊಸ ಲೈನಿಂಗ್ ಹಾಕಿಸಿದವರು ಕೆಲವು ದಿನ ಭಾರ ಹೇರದೆ ದುಡಿಸಿ, ಅದು ಕೂತುಕೊಂಡ ಮೇಲೆ ಮೇಲ್ಕಂಡ ರೀತಿಯಲ್ಲಿ ಮತ್ತೊಮ್ಮೆ ಹೊಂದಿಸಿ, ಆಮೇಲೆಯೇ ಟ್ರೈಲರು ಹೂಡಬೇಕು.