ಗಾಲ್ಫ್ ಮೈದಾನದ ಋತು ಆರಂಭ: ಹುಲ್ಲಿನ ಆರೈಕೆ ಮತ್ತು ಲೆಕ್ಕಪತ್ರ

ಕೊಡಗಿನಲ್ಲಿ ಗಾಲ್ಫ್ ಆಟಕ್ಕೆ ಅನುಕೂಲವಾದ ಋತು ಆರಂಭವಾಗುವುದು ನೈರುತ್ಯ ಮುಂಗಾರು ಹಿಂದೆ ಸರಿದ ಮೇಲೆ. ಲೆಕ್ಕಪತ್ರದ ವರ್ಷವಾದರೋ ಏಪ್ರಿಲ್ 1ರಂದೇ ಆರಂಭವಾಗಿರುತ್ತದೆ. ಮಡಿಕೇರಿಯ ಮರ್ಕರಾ ಡೌನ್ಸ್, ವಿರಾಜಪೇಟೆ ಸಮೀಪದ ಬಿಟ್ಟಂಗಾಲದ ಕೂರ್ಗ್ ಗಾಲ್ಫ್ ಲಿಂಕ್ಸ್ ಇವುಗಳಂತಹ ಮೈದಾನಗಳಿರುವ ಈ ಮಳೆನಾಡಿನಲ್ಲಿ ಆಯವ್ಯಯ ಸಿದ್ಧಪಡಿಸುವವರು ಮೊದಲು ಗಮನಿಸಬೇಕಾದುದು ಈ ಅಂತರವನ್ನೇ. ಮಳೆಗಾಲದಲ್ಲಿ ಆಟ ಕುಗ್ಗಿದರೂ ಹುಲ್ಲಿನ ವೆಚ್ಚ ಕುಗ್ಗುವುದಿಲ್ಲ.

ಗಾಲ್ಫ್ ಲೋಕದಲ್ಲಿ ಬರ್ಮುಡಾ ಎಂದು ಹೆಸರಾದ ಹುಲ್ಲು ಗಣಪತಿಗೆ ಏರಿಸುವ ನಮ್ಮ ಗರಿಕೆಯೇ. ಅದಕ್ಕೆ ಬಿಸಿಲು ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕವಿದಿರುವಾಗ ಬೇರು ಸೊರಗುತ್ತದೆ. ಸಾರಜನಕ, ಪೊಟ್ಯಾಷ್‌ಗಳು ಕೊಚ್ಚಿಹೋಗುತ್ತವೆ. ಪಾಚಿ, ಶಿಲೀಂಧ್ರಗಳು ತಲೆಯೆತ್ತುತ್ತವೆ. ಒದ್ದೆ ನೆಲದ ಮೇಲೆ ಕಾಲು, ಯಂತ್ರಗಳು ಓಡಾಡಿದರೆ ಮಣ್ಣು ಬಿಗಿದು ಬೇರಿಗೆ ಗಾಳಿಯಾಡದು. ಆದ್ದರಿಂದ ನೆಲ ಆರಿದ ಮೇಲೆ ರಂಧ್ರ ಕೊರೆದು ಮರಳು ತುಂಬುವುದು, ಅನಂತರ ಗೊಬ್ಬರ ನೀಡುವುದು ಸರಿಯಾದ ಕ್ರಮ. ಸುಣ್ಣ ಹಾಕುವುದು ಮಣ್ಣುಪರೀಕ್ಷೆಯ ನಂತರವೇ. ಕಾಫಿ ಬೆಳೆಗಾರರಿಗೆ ಇದು ಹೊಸ ಮಾತಲ್ಲ. ಎತ್ತರ ಬೆಳೆದ ಹುಲ್ಲನ್ನು ಒಂದು ಬಾರಿಗೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸದೆ ಹಂತಹಂತವಾಗಿ ತಗ್ಗಿಸಬೇಕು. ದಸರಾ ರಜೆಯ ಪ್ರವಾಸಿಗರಿಗಾಗಿ ಒದ್ದೆ ಮೈದಾನವನ್ನೇ ತೆರೆಯುವುದು ದುಬಾರಿ ಆತುರ. ಆ ಒಂದು ವಾರದ ಶುಲ್ಕಕ್ಕಿಂತ ಮುಂದಿನ ದುರಸ್ತಿಯ ಬಿಲ್ಲು ದೊಡ್ಡದಾಗಬಹುದು.

ಇನ್ನು ಲೆಕ್ಕದ ವಿಚಾರ. ಬೇಸಿಗೆಯಲ್ಲೇ ತರಿಸಿದ ಮರಳು ಮಾರ್ಚ್ 31ರಂದು ಉಳಿದಿದ್ದರೆ ಅದು ದಾಸ್ತಾನು, ಆ ವರ್ಷದ ವೆಚ್ಚವಲ್ಲ. ಸತ್ತುಹೋದ ಹುಲ್ಲಿನ ಜಾಗಕ್ಕೆ ಹೊಸ ಹುಲ್ಲು ನೆಡುವುದು ಸಾಮಾನ್ಯವಾಗಿ ರಾಜಸ್ವ ವೆಚ್ಚ. ಹೊಸ ಗ್ರೀನ್ ನಿರ್ಮಿಸುವುದು ಬಂಡವಾಳ ವೆಚ್ಚ. ಇರುವ ಆಸ್ತಿಯನ್ನು ಉಳಿಸಿಕೊಳ್ಳುವುದಷ್ಟೇ ಚಾಲ್ತಿ ದುರಸ್ತಿ ಎಂದು ಸರ್ವೋಚ್ಚ ನ್ಯಾಯಾಲಯವು ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ (2007) ಹೇಳಿತು. ಅದು ಯಂತ್ರಗಳ ಕುರಿತಾದ ತೀರ್ಪಾದರೂ ಅಲ್ಲಿನ ವಿವೇಚನೆ ಇಲ್ಲಿಯೂ ದಾರಿ ತೋರುತ್ತದೆ. ಭೂಮಿಗೆ ಸವಕಳಿ ಇಲ್ಲ, ಪಂಪ್‌ಸೆಟ್ಟಿಗೆ ಇದೆ. ಆದ ಕಾರಣ ಗುತ್ತಿಗೆದಾರರಿಂದ ಮಣ್ಣುಕೆಲಸ, ಕೊಳವೆ, ಪಂಪುಗಳಿಗೆ ಪ್ರತ್ಯೇಕ ಬಿಲ್ಲು ಪಡೆಯುವುದು ಅಗತ್ಯ. ಒಟ್ಟಾರೆ ಮೊತ್ತದ ಒಂದೇ ಬಿಲ್ಲು ಬಂದರೆ ನ್ಯಾಯವಾಗಿ ದೊರೆಯಬೇಕಾದ ಸವಕಳಿಯೂ ಕೈತಪ್ಪೀತು.

ಸದಸ್ಯರ ಕ್ಲಬ್ಬುಗಳಿಗೆ ಮತ್ತೊಂದು ತೊಡಕಿದೆ. ಸದಸ್ಯರಿಗೆ ಒದಗಿಸಿದ ಸೌಲಭ್ಯಗಳಿಂದ ಬಂದ ಮಿಗತೆ ಪರಸ್ಪರತೆಯ ತತ್ತ್ವದಂತೆ ಆದಾಯ ತೆರಿಗೆಗೆ ಒಳಪಡದೆಂದು ಬಂಕೀಪುರ ಕ್ಲಬ್ ಪ್ರಕರಣದಲ್ಲಿ (1997) ತೀರ್ಮಾನವಾಯಿತು. ಹೊರಗಿನ ಆಟಗಾರರ ಶುಲ್ಕಕ್ಕೆ ಈ ರಕ್ಷಣೆ ಇಲ್ಲ. ಹುಲ್ಲು ಮಾತ್ರ ಇಬ್ಬರಿಗೂ ಒಂದೇ! ಹೊರಗಿನವರ ಶುಲ್ಕದ ಎದುರು ಹುಲ್ಲಿನ ವೆಚ್ಚದ ಪಾಲನ್ನು ಕಳೆಯಬೇಕಾದರೆ ಹಂಚಿಕೆಗೆ ಆಧಾರ ಬೇಕು. ಋತುವಿನ ಮೊದಲ ದಿನದಿಂದಲೇ ಆಟದ ನೋಂದಣಿ ಪುಸ್ತಕದಲ್ಲಿ ಸದಸ್ಯರಿಗೂ ಅತಿಥಿಗಳಿಗೂ ಬೇರೆ ಬೇರೆ ಅಂಕಣ ಇರಿಸಿದರೆ ಆ ಆಧಾರ ದೊರೆಯುತ್ತದೆ.