ಗಾಳದ ಕೋಲು, ಕಿರುತೆರೆ ಮತ್ತು ಲೆಕ್ಕದ ಪುಸ್ತಕ

ನದಿಯ ದಂಡೆಯಲ್ಲಿ ಒಬ್ಬ ಮನುಷ್ಯ ಗಾಳ ಹಾಕಿ ಕುಳಿತಿರುವುದನ್ನು ಅರ್ಧ ತಾಸು ತೋರಿಸುವ ದೂರದರ್ಶನ ಕಾರ್ಯಕ್ರಮವು ವಾಣಿಜ್ಯ ಮಾಸಿಕದ ಅಧ್ಯಯನಕ್ಕೆ ತಕ್ಕ ವಿಷಯವೇ ಎಂದು ಸದಸ್ಯರು ಹುಬ್ಬೇರಿಸಬಹುದು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಿಕೆ ಮತ್ತು ಕಾಳುಮೆಣಸಿನ ವ್ಯವಹಾರಸ್ಥರಲ್ಲಿ ಮೀನು ಅಡುಗೆಮನೆಯ ಹೊಸಿಲನ್ನೇ ದಾಟದ ಮನೆತನಗಳು ಬಹಳ. ಆದರೆ ಇಂದು ವಾನಳ್ಳಿಯಂಥ ಹಳ್ಳಿಯ ಹೋಂಸ್ಟೇ ಮಾಲೀಕರೂ ಶಿರಸಿಯ ಉಪ್ಪಿನಕಾಯಿ ತಯಾರಕರೂ ಮೊಬೈಲ್ ವಿಡಿಯೋ ಮಾಡುವ ನಿರೂಪಕರಿಗೆ ಊಟ, ವಸತಿ, ಸರಕುಗಳನ್ನು ಉಚಿತವಾಗಿ ನೀಡಿ ಪ್ರಚಾರ ಪಡೆಯುವ ಕಾಲ ಬಂದಿದೆ. ಪರದೆಯ ಮೇಲಿನ ಪರಿಚಿತ ಮುಖದ ಮೂಲಕ ಮಾಲು ಮಾರುವ ಈ ಪದ್ಧತಿಗೆ ಅರ್ಧ ಶತಮಾನಕ್ಕೂ ಮೀರಿದ ಇತಿಹಾಸವಿದೆ. ಅದರ ಲಾಭವನ್ನೂ ಅಪಾಯವನ್ನೂ ಮೀನು ಹಿಡಿಯುವ ಕಾರ್ಯಕ್ರಮಗಳಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆ ವಿರಳ. ಅದರ ಒಂದು ಮುಖ್ಯ ಅಧ್ಯಾಯ ನಡೆದದ್ದು ಕರ್ನಾಟಕದಲ್ಲಿಯೇ.

ನಿರೂಪಕನೇ ಅಂಗಡಿ

ಸಾಮಾನ್ಯವಾಗಿ ವಾಹಿನಿಯು ಕಾರ್ಯಕ್ರಮದ ನಿರ್ಮಾಪಕನಿಗೆ ಹಣ ಕೊಡುತ್ತದೆ. ಅಮೆರಿಕದ ಮೀನುಗಾರಿಕೆ ಮತ್ತು ಬೇಟೆಯ ಕಾರ್ಯಕ್ರಮಗಳಲ್ಲಿ ಅನೇಕ ವೇಳೆ ಇದು ತಲೆಕೆಳಗಾಗಿರುತ್ತದೆ. ನಿರೂಪಕನೇ ವಾಹಿನಿಯಿಂದ ಪ್ರಸಾರದ ವೇಳೆಯನ್ನು ಕೊಂಡು, ಗಾಳದ ಕೋಲು, ರೀಲು, ದೋಣಿ, ಎಂಜಿನ್ ತಯಾರಕರಿಗೆ ಜಾಹೀರಾತಿನ ಅವಕಾಶವನ್ನು ಮರುಮಾರಾಟ ಮಾಡುತ್ತಾನೆ. ಸಂತೆಯಲ್ಲಿ ಕಟ್ಟೆಯನ್ನು ಒಟ್ಟಾಗಿ ಗುತ್ತಿಗೆಗೆ ಹಿಡಿದು ಮೊಳದ ಲೆಕ್ಕದಲ್ಲಿ ಬಿಡಿಯಾಗಿ ಕೊಡುವವನ ವ್ಯವಹಾರವೇ ಇದು. ಮೀನು ಸಿಕ್ಕರೂ ಸಿಗದಿದ್ದರೂ ಕಟ್ಟೆಯ ಬಾಡಿಗೆ ತಪ್ಪುವುದಿಲ್ಲ. ಆದ್ದರಿಂದ ಅಂಥ ನಿರೂಪಕನನ್ನು ಕಲಾವಿದನೆಂದು ಎಣಿಸುವುದಕ್ಕಿಂತ ನಷ್ಟದ ಹೊಣೆ ಹೊತ್ತ ವ್ಯಾಪಾರಿಯೆಂದು ಎಣಿಸುವುದೇ ಸರಿ.

ಅಮೆರಿಕದ ಬಿಲ್ ಡ್ಯಾನ್ಸ್ 1968ರಲ್ಲಿ ಮೆಂಫಿಸ್ ನಗರದ ಸ್ಥಳೀಯ ವಾಹಿನಿಯೊಂದರಲ್ಲಿ ತನ್ನ ಕಾರ್ಯಕ್ರಮ ಆರಂಭಿಸಿದ. ಗಾಳದ ಸ್ಪರ್ಧೆಗಳಲ್ಲಿ ಹೆಸರು ಮಾಡಿದ್ದ ಆತ ಪರದೆಯ ಮೇಲೆ ದೋಣಿಯಿಂದ ನೀರಿಗೆ ಬೀಳುವುದು, ಕೋಲು ಮುರಿಯುವುದು ಮುಂತಾದ ಫಜೀತಿಗಳನ್ನು ಮುಚ್ಚಿಡಲಿಲ್ಲ. ಅವನ್ನೇ ಒಟ್ಟುಗೂಡಿಸಿ ಪ್ರತ್ಯೇಕ ವಿಡಿಯೋಗಳನ್ನಾಗಿ ಹೊರತಂದ. ಸೋಲನ್ನು ತೋರಿಸುವವನು ಹೇಳಿದ ಎರೆಯ ಗುಣವನ್ನು ಗಿರಾಕಿಯು ಸುಲಭವಾಗಿ ನಂಬುತ್ತಾನೆ ಎಂಬುದು ಇಲ್ಲಿಯ ಮರ್ಮ. ಆಸ್ಟ್ರೇಲಿಯಾದಲ್ಲಿ ಮಾಜಿ ಫುಟ್‌ಬಾಲ್ ಆಟಗಾರ ರೆಕ್ಸ್ ಹಂಟ್ 1990ರ ದಶಕದಲ್ಲಿ ಹಿಡಿದ ಮೀನಿಗೆ ಮುತ್ತಿಟ್ಟು ನೀರಿಗೆ ಬಿಡುವುದನ್ನು ತನ್ನ ಮುದ್ರೆಯನ್ನಾಗಿಸಿಕೊಂಡ. ಅದು ಕೆಲವರಿಗೆ ಹಾಸ್ಯಾಸ್ಪದವೆನಿಸಿದ್ದುಂಟು, ಆದರೆ ಮುದ್ರೆಯ ಕೆಲಸವೇ ನೆನಪಿನಲ್ಲಿ ಉಳಿಯುವುದು.

ನಮ್ಮ ಓದುಗರಿಗೆ ಹೆಚ್ಚು ಹತ್ತಿರದವನು ಇಂಗ್ಲೆಂಡಿನ ಜಾನ್ ವಿಲ್ಸನ್. ಮೊದಲು ಕ್ಷೌರಿಕ ವೃತ್ತಿಯಲ್ಲಿದ್ದ ಈತ ನಂತರ ನಾರಿಚ್ ಪಟ್ಟಣದಲ್ಲಿ ಗಾಳದ ಸಾಮಗ್ರಿಗಳ ಅಂಗಡಿ ನಡೆಸಿದ. 1986ರಲ್ಲಿ ಆಂಗ್ಲಿಯಾ ವಾಹಿನಿಯಲ್ಲಿ ‘ಗೋ ಫಿಶಿಂಗ್’ ಎಂಬ ಕಾರ್ಯಕ್ರಮ ಆರಂಭವಾಯಿತು. ಮುಂದೆ ಆತನ ಹೆಸರು ಹೊತ್ತ ಗಾಳದ ಕೋಲುಗಳು ಬ್ರಿಟನ್ನಿನಲ್ಲಿ ಅಪಾರವಾಗಿ ಮಾರಾಟವಾದವು. ಕೌಂಟರಿನ ಹಿಂದೆ ನಿಂತು ಗಿರಾಕಿಯ ಪ್ರಶ್ನೆಗಳಿಗೆ ಉತ್ತರಿಸಿದ ಅನುಭವವಿದ್ದುದರಿಂದಲೇ ಆತನಿಗೆ ಪರದೆಯ ಮೇಲೆ ಯಾವ ಪ್ರಶ್ನೆಗೆ ಉತ್ತರಿಸಬೇಕೆಂಬುದು ತಿಳಿದಿತ್ತು. ವಿಲ್ಸನ್ 2018ರಲ್ಲಿ ನಿಧನನಾದ. ತಯಾರಕನೊಬ್ಬನು ಒಬ್ಬ ವ್ಯಕ್ತಿಯ ಹೆಸರನ್ನು ಸರಕಿಗೆ ಅಂಟಿಸುವಾಗ ಆ ಹೆಸರಿನ ಹಕ್ಕು ಎಷ್ಟು ವರ್ಷದ್ದು, ವ್ಯಕ್ತಿಯ ನಂತರ ಯಾರದು, ಗೋದಾಮಿನಲ್ಲಿ ಉಳಿದ ದಾಸ್ತಾನಿನ ಗತಿಯೇನು ಎಂಬುದನ್ನು ಒಪ್ಪಂದದಲ್ಲಿಯೇ ಬರೆಸಿಕೊಳ್ಳಬೇಕಾದದ್ದು ಇದರಿಂದ ಸ್ಪಷ್ಟ. ಈ ಜಾನ್ ವಿಲ್ಸನ್ ಗಾಳ ಹಿಡಿದು ಬಂದ ದೂರದ ನದಿಗಳಲ್ಲಿ ನಮ್ಮ ಕಾವೇರಿಯೂ ಒಂದು.

ಕಾವೇರಿಯ ಬಿಳಿಮೀನು

ಕಾವೇರಿಯ ಮಹಶೀರ್ ಮೀನನ್ನು ತೀರದ ಜನ ಬಿಳಿಮೀನು ಎನ್ನುತ್ತಾರೆ. ಮೈಸೂರಿನಲ್ಲಿ ಸತ್ತ ಪ್ರಾಣಿಗಳ ಚರ್ಮ ತುಂಬುವ ಉದ್ಯಮಕ್ಕೆ ಪ್ರಸಿದ್ಧವಾಗಿದ್ದ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ ಸುಮಾರು 54 ಕಿಲೋ ತೂಕದ ಮೀನನ್ನು ಹಿಡಿದದ್ದು ಗಾಳಗಾರರ ಲೋಕದಲ್ಲಿ ದಾಖಲೆಯಾಯಿತು. ಸ್ವಾತಂತ್ರ್ಯಾನಂತರ ಈ ಮೀನು ಮುಗಿದೇಹೋಯಿತೆಂದು ಹೊರಗಿನವರು ಭಾವಿಸಿದ್ದಾಗ, 1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಗಾಳಗಾರರ ತಂಡವೊಂದು ಬಂದು ಅದು ಇನ್ನೂ ಇದೆಯೆಂದು ಸಾರಿತು. 1972ರಲ್ಲಿ ಸ್ಥಾಪಿತವಾಗಿದ್ದ ಬೆಂಗಳೂರಿನ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ ನದಿಯ ಒಂದು ಭಾಗವನ್ನು ಗುತ್ತಿಗೆಗೆ ಪಡೆದು ಕಾಯ್ದಿತು. ರಾಜ್ಯ ಸರ್ಕಾರದ ಉದ್ಯಮವಾದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳಲ್ಲಿ ಗಾಳದ ಶಿಬಿರಗಳನ್ನು ನಡೆಸಿತು. ಹಿಡಿದ ಮೀನನ್ನು ತೂಗಿ, ದಾಖಲಿಸಿ, ನೀರಿಗೆ ಬಿಡುವುದು ನಿಯಮ.

ಇಲ್ಲಿ ಲೆಕ್ಕಪರಿಶೋಧಕರ ಕಣ್ಣಿಗೆ ಬೀಳುವ ಅಂಶವೊಂದಿದೆ. ಮಾರುಕಟ್ಟೆಯಲ್ಲಿ ಮೀನನ್ನು ಕಿಲೋ ಲೆಕ್ಕದಲ್ಲಿ ಒಮ್ಮೆ ಮಾತ್ರ ಮಾರಬಹುದು. ಬಿಟ್ಟ ಮೀನನ್ನು ಮತ್ತೆ ಮತ್ತೆ ಹಿಡಿಯಬಹುದು, ಪ್ರತಿ ಸಲವೂ ಕೊಠಡಿ ಬಾಡಿಗೆ, ಊಟ, ತೆಪ್ಪ, ಸಹಾಯಕನ ಕೂಲಿ ಜಮೆಯಾಗುತ್ತವೆ. ಅರ್ಥಾತ್ ದಾಸ್ತಾನಾಗಿದ್ದ ಮೀನು ಸ್ಥಿರಾಸ್ತಿಯಾಗಿ ಮಾರ್ಪಟ್ಟಿತು. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದ ಸ್ಥಳೀಯರಲ್ಲಿ ಕೆಲವರು ಶಿಬಿರಗಳಲ್ಲಿ ಮಾರ್ಗದರ್ಶಿಗಳಾದರು. ನದಿಯ ಯಾವ ಮಡುವಿನಲ್ಲಿ ಮೀನಿದೆ ಎಂಬ ಅವರ ಅರಿವಿಗೆ ಸಂಬಳ ಬಂತು. ಇಂಗ್ಲೆಂಡಿನ ಬರಹಗಾರರೂ ಕಿರುತೆರೆಯ ನಿರೂಪಕರೂ ಕೊಟ್ಟ ಪ್ರಚಾರದ ಮೌಲ್ಯ ಯಾವ ಲೆಕ್ಕದ ಪುಸ್ತಕದಲ್ಲಿಯೂ ಸಿಗಲಾರದು.

ಜೀವಶಾಸ್ತ್ರದ ಉಪಾಧ್ಯಾಯನಾಗಿದ್ದ ಜೆರೆಮಿ ವೇಡ್ ಕೂಡ ಇದೇ ಪರಂಪರೆಯವನು. 1982ರಲ್ಲಿ ಮಹಶೀರ್ ಅರಸಿ ಭಾರತಕ್ಕೆ ಬಂದ ಆತ, 1992ರಲ್ಲಿ ಪಾಲ್ ಬೂಟ್ ಜೊತೆಗೂಡಿ ಭಾರತ ಮತ್ತು ಕಾಂಗೋ ನದಿಗಳ ಮೀನುಬೇಟೆಯ ಕುರಿತು ಪುಸ್ತಕ ಬರೆದ. 2009ರಿಂದ 2017ರವರೆಗೆ ಅನಿಮಲ್ ಪ್ಲಾನೆಟ್ ವಾಹಿನಿಯಲ್ಲಿ ಬಂದ ಆತನ ‘ರಿವರ್ ಮಾನ್‌ಸ್ಟರ್ಸ್’ ಕಾರ್ಯಕ್ರಮವನ್ನು ನಮ್ಮಲ್ಲಿ ಅನೇಕರು ನೋಡಿರಬಹುದು. ಅದರಲ್ಲಿ ಬರುವ ಕಾಳಿ ನದಿ ಉತ್ತರಾಖಂಡ ಮತ್ತು ನೇಪಾಳಗಳ ಗಡಿಯದು, ನಮ್ಮ ದಾಂಡೇಲಿಯ ಕಾಳಿಯಲ್ಲ. ಮೀನು ಹಿಡಿಯುವುದನ್ನು ಪತ್ತೇದಾರಿ ಕಥೆಯಂತೆ ಹೇಳಿದ್ದು ಆತನ ಹೆಚ್ಚುಗಾರಿಕೆ. ಗಾಳವನ್ನು ಎಂದೂ ಮುಟ್ಟದ ವೀಕ್ಷಕನೂ ಕೊನೆಯವರೆಗೆ ಕುಳಿತ. ಆದುದರಿಂದ ಜಾಹೀರಾತುದಾರರ ಬಳಗ ಗಾಳದ ಕೋಲಿನ ತಯಾರಕರಿಗೆ ಸೀಮಿತವಾಗಿರಬೇಕಾಗಲಿಲ್ಲ.

ಕಾವೇರಿಯ ವ್ಯವಹಾರಕ್ಕೆ ಎರಡು ಕಡೆಯಿಂದ ಪೆಟ್ಟು ಬಿತ್ತು. ಮೊದಲನೆಯದು ಕಾನೂನಿನದು. ಶಿಬಿರಗಳಿದ್ದ ಪ್ರದೇಶ ಕಾವೇರಿ ವನ್ಯಜೀವಿ ಅಭಯಾರಣ್ಯಕ್ಕೆ ಸೇರಿದ್ದು; 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ದೃಷ್ಟಿಯಲ್ಲಿ ಅಭಯಾರಣ್ಯದೊಳಗೆ ಗಾಳ ಹಾಕುವುದೂ ಬೇಟೆಯೇ ಎಂಬ ಅರ್ಥ ಸ್ಥಿರವಾಗಿ, 2012ರ ಹೊತ್ತಿಗೆ ಅಲ್ಲಿ ಗಾಳ ಸಂಪೂರ್ಣವಾಗಿ ನಿಂತಿತು. ಭೀಮೇಶ್ವರಿ ಸಾಹಸ ಕ್ರೀಡೆಗಳ ಶಿಬಿರವಾಯಿತು. ಸರ್ಕಾರಿ ಉದ್ಯಮಕ್ಕೆ ಹೀಗೆ ಮಗ್ಗುಲು ಬದಲಾಯಿಸುವ ಶಕ್ತಿಯಿತ್ತು. ಬಿಳಿಮೀನಿನ ಜಾಡಷ್ಟನ್ನೇ ಬಲ್ಲ ಮಾರ್ಗದರ್ಶಿಗೆ ಅದು ಎಲ್ಲಿಂದ ಬರಬೇಕು?

ಎರಡನೆಯ ಪೆಟ್ಟು ನೀರಿನೊಳಗಿನದು, ಬಹುಕಾಲ ಯಾರಿಗೂ ಕಾಣದ್ದು. ಗಾಳಿಬೋರೆ ಶಿಬಿರದ 1998ರಿಂದ 2012ರವರೆಗಿನ ದಾಖಲೆ ಪುಸ್ತಕಗಳನ್ನು ವಿಜ್ಞಾನಿಗಳು ಪರಿಶೀಲಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಆರು ಸಾವಿರಕ್ಕೂ ಹೆಚ್ಚು ಮೀನುಗಳ ಲೆಕ್ಕ ಅದರಲ್ಲಿತ್ತು. ಹಿಡಿದ ಮೀನುಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರಿತ್ತು. ಮೇಲ್ನೋಟಕ್ಕೆ ಎಲ್ಲವೂ ಕ್ಷೇಮ. ಆದರೆ ಸರಾಸರಿ ತೂಕ ಇಳಿದಿತ್ತು. ಬಗೆಯನ್ನು ಬಿಡಿಸಿ ನೋಡಿದಾಗ, ಮೊಟ್ಟೆ ತಯಾರಿಕಾ ಕೇಂದ್ರದಲ್ಲಿ ಬೆಳೆಸಿ ನದಿಗೆ ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಹೆಚ್ಚುತ್ತ ಹೋಗಿ, ಕಾವೇರಿಯ ಮೂಲ ನಿವಾಸಿಯಾದ ಗೂನುಬೆನ್ನಿನ ಮಹಶೀರ್ ಕ್ಷೀಣಿಸುತ್ತ ಬಂದಿತ್ತು. ಮರಿಗಳನ್ನು ತಂದದ್ದು ಲೋಣಾವಳದ ಕೇಂದ್ರದ ತಳಿಯಿಂದ, ಸದುದ್ದೇಶದಿಂದಲೇ. ಯಾವ ಮೀನಿಗಾಗಿ ವಿದೇಶೀಯರು ಸಮುದ್ರ ದಾಟಿ ಬರುತ್ತಿದ್ದರೋ ಅದಕ್ಕೆ ಸರಿಯಾದ ವೈಜ್ಞಾನಿಕ ಹೆಸರು ನಿಶ್ಚಯವಾದದ್ದೇ 2018ರಲ್ಲಿ. ಅದೇ ವರ್ಷ ಅದು ಅಳಿವಿನ ತೀವ್ರ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು.

ಒಟ್ಟು ವಹಿವಾಟು ಏರುತ್ತಿದೆಯೆಂದು ತೃಪ್ತನಾಗಿ, ಬಗೆವಾರು ಲೆಕ್ಕ ತೆಗೆಯದ ವರ್ತಕನ ಸ್ಥಿತಿಯೂ ಇದೇ. ಚಾಲಿ ಅಡಿಕೆ, ಕೆಂಪಡಿಕೆಗಳನ್ನು ಒಂದೇ ಖಾತೆಯಲ್ಲಿ ಬರೆದವನಿಗೆ ಯಾವುದರಲ್ಲಿ ನಷ್ಟವಾಯಿತೆಂಬುದು ಯುಗಾದಿಯವರೆಗೂ ತಿಳಿಯದು. ಗಾಳಿಬೋರೆಯವರು ಬಗೆಯನ್ನೂ ತೂಕವನ್ನೂ ಬರೆದಿಟ್ಟಿದ್ದರಿಂದ ಸತ್ಯ ತಡವಾಗಿಯಾದರೂ ಹೊರಬಂತು.

ಉಚಿತದ ಲೆಕ್ಕ

ಇನ್ನು ನಮ್ಮ ಸದಸ್ಯರ ಮೇಜಿಗೆ ಬರೋಣ. ನಿರೂಪಕನಿಗೆ ಕೊಟ್ಟ ‘ಉಚಿತ’ ವಸ್ತು ಕಾನೂನಿನ ಕಣ್ಣಿನಲ್ಲಿ ಉಚಿತವಲ್ಲ. 1961ರ ಆದಾಯ ತೆರಿಗೆ ಕಾಯಿದೆಗೆ 194ಆರ್ ಕಲಮು ಸೇರಿ, 2022ರ ಜುಲೈ 1ರಿಂದ, ವ್ಯವಹಾರ ಸಂಬಂಧವಾಗಿ ಒಬ್ಬರಿಗೆ ವರ್ಷದಲ್ಲಿ ರೂ. 20,000 ಮೀರಿದ ಸೌಲಭ್ಯ ಕೊಟ್ಟಲ್ಲಿ ಶೇಕಡಾ 10ರಂತೆ ಮೂಲದಲ್ಲಿ ತೆರಿಗೆ ಕಡಿತ ಮಾಡುವ ಹೊಣೆ ಬಂತು. 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಹೊಸ ಕಾಯಿದೆಯಲ್ಲಿ ಕಲಮುಗಳ ಸಂಖ್ಯೆ ಬದಲಾಗಿರುವುದರಿಂದ ಚಲನ್ ತುಂಬುವಾಗ ಎಚ್ಚರವಿರಬೇಕು.

ಉದಾಹರಣೆಗೆ, ಹೋಂಸ್ಟೇ ನಡೆಸುವ ಪಾಲುದಾರಿಕೆ ಸಂಸ್ಥೆಯೊಂದು ಗಾಳದ ವಿಡಿಯೋ ಮಾಡುವ ನಿರೂಪಕನಿಗೆ ರೂ. 12,000 ಬೆಲೆಯ ವಸತಿ ಮತ್ತು ರೂ. 15,000 ಬೆಲೆಯ ಗಾಳದ ಕೋಲನ್ನು ಕೊಟ್ಟಿತೆಂದು ಭಾವಿಸೋಣ. ಒಟ್ಟು ರೂ. 27,000 ಮಿತಿ ಮೀರಿದ್ದರಿಂದ ಪೂರ್ತಿ ಮೊತ್ತದ ಮೇಲೆ ರೂ. 2,700 ತೆರಿಗೆ ಸಲ್ಲಬೇಕು. ಮೀರಿದ ಏಳು ಸಾವಿರಕ್ಕೆ ಮಾತ್ರವಲ್ಲ. ನಗದು ಕೊಡದೆ ವಸ್ತುವನ್ನೇ ಕೊಡುವಾಗ, ಕೊಡುವ ಮೊದಲೇ ತೆರಿಗೆ ಸಂದಿದೆಯೆಂದು ಖಾತ್ರಿ ಮಾಡಿಕೊಳ್ಳಬೇಕು. ಕೋಲನ್ನು ಚಿತ್ರೀಕರಣಕ್ಕೆ ಬಳಸಿ ಹಿಂದಿರುಗಿಸಿದಲ್ಲಿ ಅದು ಸೌಲಭ್ಯವಾಗದೆಂದು ಕೇಂದ್ರ ನೇರ ತೆರಿಗೆ ಮಂಡಳಿಯ 2022ರ ಸುತ್ತೋಲೆ ಸ್ಪಷ್ಟಪಡಿಸಿದೆ. ಆದ್ದರಿಂದ ವಾಪಸಾತಿಯ ರಸೀದಿ ಬಹು ಮುಖ್ಯ. ಹಿಂದಿನ ವರ್ಷದ ವಹಿವಾಟು ಒಂದು ಕೋಟಿ ಮೀರದ ಒಂಟಿ ವ್ಯಾಪಾರಿಗೆ ಈ ಕಡಿತದ ಹೊಣೆಯಿಲ್ಲ. ಪಾಲುದಾರಿಕೆಗೂ ಕಂಪನಿಗೂ ಆ ವಿನಾಯಿತಿ ದೊರೆಯದು.

ಸರಕು ಮತ್ತು ಸೇವಾ ತೆರಿಗೆಯಲ್ಲಿ ಮತ್ತೊಂದು ತೊಡಕು. ದಾನವಾಗಿ ಅಥವಾ ಮಾದರಿಯಾಗಿ ಕೊಟ್ಟ ಸರಕಿನ ಮೇಲೆ ಹೂಡುವಳಿ ತೆರಿಗೆ ಜಮೆ ಸಿಗದು. ವಿಡಿಯೋ ಮಾಡಿಕೊಡುವ ಷರತ್ತಿನ ಮೇಲೆ ಕೊಟ್ಟದ್ದಾದರೆ ಅದು ವಿನಿಮಯ. ಎರಡೂ ಕಡೆ ಸರಬರಾಜು ನಡೆದಂತೆ. ಬಾಯಿಮಾತಿನ ವ್ಯವಹಾರದಲ್ಲಿ ಇವೆರಡರ ನಡುವಿನ ಗೆರೆ ಅಳಿಸಿಹೋಗುತ್ತದೆ.

ಸಂಬಂಧವನ್ನು ಮುಚ್ಚಿಡುವುದೂ ಈಗ ಸಾಧ್ಯವಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಹಾಗೂ 2022ರ ಮಾರ್ಗಸೂಚಿಗಳ ಪ್ರಕಾರ, ನಿರೂಪಕನಿಗೆ ಹಣ ಅಥವಾ ವಸ್ತು ಸಂದಿದ್ದರೆ ಅದನ್ನು ನೋಡುಗರಿಗೆ ತಿಳಿಸತಕ್ಕದ್ದು. ದಾರಿ ತಪ್ಪಿಸುವ ಜಾಹೀರಾತಿಗೆ ತಯಾರಕನಿಗೂ ಸಮರ್ಥಕನಿಗೂ ಹತ್ತು ಲಕ್ಷ ರೂಪಾಯಿವರೆಗೆ, ಪುನರಾವರ್ತನೆಯಾದರೆ ಐವತ್ತು ಲಕ್ಷದವರೆಗೆ ದಂಡವುಂಟು. ಮೊಬೈಲಿನ ವಿಡಿಯೋ ಎಂದು ರಿಯಾಯಿತಿ ಇಲ್ಲ.

ಹೀಗೆ ಗಳಿಸಿದ ಹೆಸರು ಆಸ್ತಿಪಟ್ಟಿಯಲ್ಲಿ ಕಾಣುವುದೇ? ಲೆಕ್ಕಪತ್ರ ಮಾನಕ 26ರ ಪ್ರಕಾರ ತಾನೇ ಬೆಳೆಸಿಕೊಂಡ ಹೆಸರು, ಬ್ರ್ಯಾಂಡುಗಳನ್ನು ಆಸ್ತಿಯೆಂದು ತೋರಿಸುವಂತಿಲ್ಲ. ಶಿರಸಿ ಸುಪಾರಿಗೆ 2019ರಲ್ಲಿ ದೊರೆತ ಭೌಗೋಳಿಕ ಗುರುತಿನ ಬೆಲೆಯನ್ನೂ ಯಾವ ಬೆಳೆಗಾರನೂ ತನ್ನ ಆಸ್ತಿಪಟ್ಟಿಯಲ್ಲಿ ಬರೆಯಲಾರ. ಕಾವೇರಿಯಲ್ಲಿ ಕೈತಪ್ಪಿದ ಮೀನೂ ಅನುಮತಿಯೂ ಇದೇ ಜಾತಿಯವು.

ನದಿಯ ಪರವಾನಗಿ

ಅಘನಾಶಿನಿ, ಬೇಡ್ತಿ, ಶಾಲ್ಮಲೆಯ ತೀರದಲ್ಲಿ ಅತಿಥಿಗಳಿಗೆ ಗಾಳದ ವ್ಯವಸ್ಥೆ ಮಾಡಿ, ನಿರೂಪಕರನ್ನು ಕರೆಸುವ ಆಲೋಚನೆಯುಳ್ಳವರು ಮೊದಲು ನಕ್ಷೆ ನೋಡಬೇಕು. 2011-12ರ ಅವಧಿಯಲ್ಲಿ ಈ ಮೂರೂ ಕಣಿವೆಗಳ ಭಾಗಗಳನ್ನು ಸಂರಕ್ಷಣಾ ಮೀಸಲು ಪ್ರದೇಶಗಳೆಂದು ಸರ್ಕಾರ ಘೋಷಿಸಿದೆ. ಇವು ಅಭಯಾರಣ್ಯಗಳಲ್ಲವಾದರೂ ವನ್ಯಜೀವಿ ಕಾಯಿದೆಯ ಅಡಿಯವೇ. ತೋಟದ ಬೇಲಿ ಹೊಳೆಗೆ ತಾಗಿದ ಮಾತ್ರಕ್ಕೆ ಹೊಳೆಯ ಮೀನು ತೋಟದ್ದಾಗುವುದಿಲ್ಲ. ಒಳನಾಡು ಮೀನುಗಾರಿಕೆಗೆ 1996ರ ರಾಜ್ಯ ಕಾಯಿದೆ ಬೇರೆ ಇದೆ. ಅರಣ್ಯ ಇಲಾಖೆ ಮತ್ತು ಮೀನುಗಾರಿಕೆ ಇಲಾಖೆ ಎರಡಕ್ಕೂ ಲಿಖಿತ ಅರ್ಜಿ ಸಲ್ಲಿಸಿ, ಸರ್ವೆ ನಂಬರು, ಹೊಳೆಯ ಹೆಸರು, ಗಾಳ ಹಾಕುವ ತಿಂಗಳುಗಳು, ಚಿತ್ರೀಕರಣದ ಉದ್ದೇಶ ಇವನ್ನು ಅದರಲ್ಲಿ ನಮೂದಿಸಬೇಕು. ಉತ್ತರ ಬರುವವರೆಗೆ ನಿರೂಪಕನಿಗೆ ಮುಂಗಡ ಕೊಡುವುದು ಸಲ್ಲದು. ಕೊಟ್ಟಿದ್ದರೆ, ಅನುಮತಿ ದೊರೆಯದಲ್ಲಿ ಅದು ಮರಳುವ ಷರತ್ತನ್ನು ಒಪ್ಪಂದಕ್ಕೆ ಸೇರಿಸಿ, ಅರ್ಜಿಯ ಸ್ವೀಕೃತಿ ಪ್ರತಿಯನ್ನು ಅದಕ್ಕೆ ಲಗತ್ತಿಸಿಡತಕ್ಕದ್ದು.